ಪಾತಮ್ಮ ಕ್ಲಬ್ಬಿಗೆ ಹೋದದ್ದು

ಪಾತಮ್ಮನಿಗೆ ಎರಡು ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಒಂದು ತೋಳ, ಇನ್ನೊಂದು ಕ್ಲಬ್ಬು. ತೋಳ ಯಾಕೆಂದು ಹೇಳಬೇಕಾಗಿಲ್ಲ. ಅವಳು ಕುರಿ ಸಾಕುವ ಮನೆಯಲ್ಲಿ ಹುಟ್ಟಿ ಕುರಿ ಸಾಕುವ ಮನೆಗೇ ಸೊಸೆಯಾಗಿ ಬಂದವಳು. ಕ್ಲಬ್ಬಿನ ಕತೆ ಬೇರೆ. ಅವಳ ಗಂಡ, ಶಿವನ ಪಾದ ಸೇರಿದ ಪುಣ್ಯಾತ್ಮ, ಬದುಕಿದ್ದಾಗ ಕುರಿ ಮಾರಿ ಬರುತ್ತೇನೆಂದು ಚಳ್ಳಕೆರೆಗೆ ಹೋಗುತ್ತಿದ್ದ, ಅಲ್ಲಿ ಕ್ಲಬ್ಬಿನಲ್ಲಿ ಇಸ್ಪೀಟು ಹಿಡಿದು ಕೂರುತ್ತಿದ್ದ. ತೋಳ ಬಂದರೆ ಒಂದು ಮರಿ ಎತ್ತಿಕೊಂಡು ಹೋಗುತ್ತದೆ. ಈ ಮನುಷ್ಯ ಕುರಿ ಕೂಡುವ ರೊಪ್ಪವನ್ನೇ ಅರ್ಧ ಖಾಲಿ ಮಾಡಿಟ್ಟು ಹೋದ. ಹಾಗಾಗಿ ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಯಾರಾದರೂ ಕೇಳಿದರೆ ಪಾತಮ್ಮ ತೋಳದ ಪರವಾಗಿಯೇ ಮಾತಾಡುತ್ತಿದ್ದಳು.

ಅಂಥ ಪಾತಮ್ಮನ ಎದುರಿಗೆ ಕೂತು, ಏಳನೇ ಕ್ಲಾಸಿನ ಮೊಮ್ಮಗಳು ಶಿಲ್ಪ ಸಜ್ಜೆ ರೊಟ್ಟಿ ಮುರಿಯುತ್ತಾ ಒಂದು ಮಾತು ಎಸೆದಳು.

"ಅಜ್ಜಿ, ಸನಿವಾರ ಸ್ಕೂಲ್ ಬಿಟ್ ಮ್ಯಾಲೆ ಕ್ಲಬ್ ಐತೆ. ಬರಾದು ತಡ ಆಗ್ತೈತೆ."

ಪಾತಮ್ಮನ ಕೈಯಲ್ಲಿದ್ದ ಸಾರಿನ ಸೌಟು ಗಾಳಿಯಲ್ಲೇ ನಿಂತಿತು.

"ಏನೈತೆ ಅಂದೆ?"

"ಕ್ಲಬ್ಬು."

"ಅಲ್ಲಿ ಏನ್ ಮಾಡ್ತೀರೇ?"

"ರೌಂಡಾಗಿ ಕುಂತ್ಕಂತೀವಿ. ಟೀಚರ್ ಎಲೆ ಹಂಚ್ತಾರೆ."

"ಟೀಚರಮ್ಮನೇ ಹಂಚ್ತಾಳಾ?"

"ಹೂಂ. ಚೆನ್ನಾಗಿ ಕಲಸಿ ಹಂಚ್ತಾರೆ, ಮೋಸ ಆಗ್ಬಾರ್ದಲ್ಲ. ಆದ್ರೂ ಹೋದ್ ವಾರ ನಂಗೆ ಒಂದೂ ಒಳ್ಳೆ ಎಲೆ ಬರ್ಲಿಲ್ಲ ಅಜ್ಜಿ. ಆ ಚಿರಂಜೀವಿಗೆ ಮಾತ್ರ ಬರೀ ಒಳ್ಳೊಳ್ಳೆವೇ ಬೀಳ್ತಾವೆ."

ಹುಡುಗಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ದಿನಾ ಚಳ್ಳಕೆರೆಯಿಂದ ಬಸ್ಸಿನಲ್ಲಿ ಬಂದು ಹೋಗುವ ಲಕ್ಷ್ಮೀದೇವಿ ಟೀಚರ್ ಯಾವುದೋ ತರಬೇತಿ ಮುಗಿಸಿ ಬಂದವರೇ ಆರರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ 'ಬುಕ್ ಕ್ಲಬ್' ಶುರು ಮಾಡಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳು ಸುತ್ತ ಕೂತು ಒಂದೇ ಕತೆಪುಸ್ತಕವನ್ನು ಗಟ್ಟಿಯಾಗಿ ಓದಬೇಕು, ಓದಿದ್ದರ ಬಗ್ಗೆ ಮಾತಾಡಬೇಕು. ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಟೀಚರ್ ಚೀಟಿಗಳನ್ನು ಮಾಡಿದ್ದರು. 'ಓದು' ಬಂದವರು ಓದಬೇಕು, 'ಪ್ರಶ್ನೆ' ಬಂದವರು ಪ್ರಶ್ನೆ ಕೇಳಬೇಕು, 'ಪದ' ಬಂದವರು ಕಷ್ಟದ ಪದಕ್ಕೆ ಅರ್ಥ ಹುಡುಕಬೇಕು, 'ಮುಂದೇನು' ಬಂದವರು ಕತೆ ಮುಂದೆ ಎತ್ತ ಹೋಗುತ್ತದೆ ಎಂದು ಊಹಿಸಬೇಕು. ಚೀಟಿಗೆ ಎಲೆ ಎಂದು ಹೆಸರಿಟ್ಟವರು ಮಕ್ಕಳು. ಕ್ಲಬ್ಬಿನ ಹಿಂದಿದ್ದ 'ಬುಕ್' ಮೊದಲನೇ ವಾರವೇ ಉದುರಿ ಹೋಗಿತ್ತು.

ಪಾತಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ, ಕೇಳುವ ಸ್ಥಿತಿಯಲ್ಲೂ ಅವಳಿರಲಿಲ್ಲ. ತಾತನ ರಕ್ತ ಮೊಮ್ಮಗಳಲ್ಲಿ ತಲೆ ಎತ್ತಿತು ಎಂದು ಎದೆ ಹೊಡೆದುಕೊಂಡಳು.

ಅವಳ ಸಂಕಟಕ್ಕೆ ಇನ್ನೊಂದು ಕಾರಣವೂ ಇತ್ತು. ಮಗ ಸೊಸೆ ಮಂದೆ ಹೊಡೆದುಕೊಂಡು ಮೇವಿದ್ದ ಕಡೆ ಹೋದಾಗ ಶಿಲ್ಪಳನ್ನು ಹಠ ಮಾಡಿ ದೇವಸಮುದ್ರದ ಪಕ್ಕದ ಈ ಹಟ್ಟಿಯಲ್ಲಿ ಉಳಿಸಿಕೊಂಡವಳು ಪಾತಮ್ಮನೇ. ತನ್ನ ಮನೆಯಲ್ಲಿ ಓದು ಬಲ್ಲವರು ಒಬ್ಬರಾದರೂ ಇರಬೇಕು ಎಂಬುದು ಅವಳ ಜೀವದ ಆಸೆ. ಕುರಿ ಔಷಧಿಯ ಬಾಟಲಿ ಹಿಡಿದು, ಬ್ಯಾಂಕಿನ ಕಾಗದ ಹಿಡಿದು ಕಂಡವರ ಬಾಗಿಲಲ್ಲಿ ನಿಂತು ನಿಂತು ಅವಳಿಗೆ ಸಾಕಾಗಿತ್ತು. ಆದರೆ ಶಿಲ್ಪಳ ಓದು ಒಂದು ಥರದ್ದು. ಅವಳು ಮೊದಲಕ್ಷರ ನೋಡಿ, ಆಮೇಲೆ ಕೇಳುವವರ ಮುಖ ನೋಡಿ, ಅವರಿಗೆ ಏನು ಬೇಕೋ ಅದನ್ನೇ ಓದುತ್ತಿದ್ದಳು. ಎಲ್ಲರಿಗೂ ಖುಷಿಯಾಗುತ್ತಿತ್ತು, ಸ್ವಲ್ಪ ಹೊತ್ತು.

ನಾಯಕನಹಟ್ಟಿಗೆ ಹರಕೆ ಒಪ್ಪಿಸಲು ಹೊರಟಾಗ ಹಾಗೇ ಆಗಿತ್ತು. ಬಸ್ಸು ಬಂತು. ಶಿಲ್ಪ ಬೋರ್ಡು ನೋಡಿದಳು, ಅಜ್ಜಿಯ ಮುಖ ನೋಡಿದಳು, "ನಾಯಕನಹಟ್ಟಿ ಅಂತ ಬರ್ದೈತೆ ಅಜ್ಜಿ" ಎಂದಳು. ಬೋರ್ಡು ತೆಲುಗಿನಲ್ಲಿತ್ತು. ಕಂಡಕ್ಟರು "ಎಕ್ಕಮ್ಮಾ, ಎಕ್ಕು" ಎಂದು ತೆಲುಗಿನಲ್ಲಿ ಹತ್ತಿಸಿಕೊಂಡಾಗಲಾದರೂ ಅನುಮಾನ ಬರಬೇಕಿತ್ತು, ಬರಲಿಲ್ಲ. ನಾಯಕನಹಟ್ಟಿಯ ತಿಪ್ಪೇಸ್ವಾಮಿಗೆ ಒಡೆಯಬೇಕಾಗಿದ್ದ ತೆಂಗಿನಕಾಯಿ ಆಂಧ್ರದ ರಾಯದುರ್ಗದ ಬಸ್‌ಸ್ಟ್ಯಾಂಡ್ ನೋಡಿಕೊಂಡು ಇಡಿಯಾಗಿ ವಾಪಸು ಬಂತು.

ಅದಾದ ಮೇಲೆ ಒಂದು ಬಣ್ಣದ ಪತ್ರಿಕೆ ಮನೆಗೆ ಬಂತು. ಪಾತಮ್ಮನಿಗೆ ಮದುವೆಯೆಂದರೆ ಪ್ರಾಣ. ಅದು ಅವಳ ಮುಖದ ಮೇಲೆ ಕಾಣುತ್ತಿತ್ತು. ಶಿಲ್ಪ "ಮದುವೆ ಅಜ್ಜಿ, ಪಾತಮ್ಮನೋರು ಮುಂದೆ ನಿಂತು ಅಕ್ಷತೆ ಹಾಕ್ಬೇಕು ಅಂತ ಬರ್ದೈತೆ" ಎಂದು ಓದಿದಳು. ಪಾತಮ್ಮ ಸೆರಗಿನಲ್ಲಿ ಅಕ್ಷತೆ ಕಟ್ಟಿಕೊಂಡು ಮೊಳಕಾಲ್ಮೂರಿಗೆ ಹೋದರೆ ಅದು ರೇಷ್ಮೆ ಸೀರೆ ಅಂಗಡಿಯ ಪ್ರಾರಂಭೋತ್ಸವ. ಗಂಡೂ ಇಲ್ಲ, ಹೆಣ್ಣೂ ಇಲ್ಲ. ಪಾತಮ್ಮ ತಂದಿದ್ದ ಅಕ್ಷತೆಯನ್ನು ಗಲ್ಲಾಪೆಟ್ಟಿಗೆಯ ಮೇಲೆ ಹಾಕಿ, ಕೊಟ್ಟ ಲಾಡು ತಿಂದು ಬಂದಳು.

ಇಷ್ಟಾದರೂ ಅವಳು ಆಸೆ ಬಿಟ್ಟಿರಲಿಲ್ಲ. ಈಗ ಓದು ಹೋಗಲಿ, ಹುಡುಗಿ ಇಸ್ಪೀಟು ಕಲಿಯುತ್ತಿದ್ದಾಳೆ! ನಿಜವೇ ಆಗಿದ್ದರೆ ಶಾಲೆ ಬಿಡಿಸಿ ಅಪ್ಪನ ಮಂದೆಗೆ ಅಟ್ಟುವುದೇ ಸರಿ ಎಂದು ತೀರ್ಮಾನಿಸಿ, ಪಾತಮ್ಮ ಸೀದಾ ಏಕಾಂತಪ್ಪನವರ ಮನೆಗೆ ನಡೆದಳು.

ಏಕಾಂತಪ್ಪನವರು ಹಟ್ಟಿಯ ದೊಡ್ಡ ಶೇಂಗಾ ವ್ಯಾಪಾರಿ, ಚಳ್ಳಕೆರೆಯಲ್ಲಿ ಅಂಗಡಿ ಇಟ್ಟವರು, ಶಾಲಾ ಸಮಿತಿಯ ಅಧ್ಯಕ್ಷರು. ಊರೆಲ್ಲ ಅವರನ್ನು ಸಾವ್ಕಾರ್ರು ಎಂದೇ ಕರೆಯುವುದು. ಇಲ್ಲೊಂದು ಸಣ್ಣ ತೊಡಕಿತ್ತು. ಪಾತಮ್ಮನ ಟಗರಿನ ಹೆಸರೂ ಸಾವ್ಕಾರ. ಎದೆ ಮುಂದೆ ಮಾಡಿ, ಯಾರಿಗೂ ದಾರಿ ಬಿಡದೆ ಬೀದಿಯ ನಡುವೆ ನಡೆಯುವ ಅದರ ಗತ್ತು ನೋಡಿ ಶಿಲ್ಪ ಇಟ್ಟ ಹೆಸರು. ಟಗರು ಪಾತಮ್ಮ ಹೋದಲ್ಲೆಲ್ಲ ಹಿಂದೆ ಬರುತ್ತಿತ್ತು, ಕಾಗದ ಕಂಡರೆ ತಿನ್ನುತ್ತಿತ್ತು.

"ಲೇ ಸಾವ್ಕಾರ, ಬಾಯಿ ಮುಚ್ಚೋ, ಕಂಡಿದ್ದೆಲ್ಲ ತಿಂತೀಯ!"

ಜಗಲಿಯ ಮೇಲೆ ಕೂತು ಪೇಪರು ಓದುತ್ತಾ ಮಂಡಕ್ಕಿ ಮೆಲ್ಲುತ್ತಿದ್ದ ಏಕಾಂತಪ್ಪನವರು ತಟ್ಟನೆ ಬಾಯಿ ಮುಚ್ಚಿದರು. ಪೇಪರಿನ ಕೆಳಗಿನ ಅಂಚು ಟಗರಿನ ಬಾಯಿಯಲ್ಲಿರುವುದು ಆಮೇಲೆ ಕಾಣಿಸಿತು.

ಪಾತಮ್ಮ ಇದ್ದದ್ದನ್ನೆಲ್ಲ ಹೇಳಿದಳು. ಏಕಾಂತಪ್ಪನವರು ವಿಭೂತಿಯ ಹಣೆ ಗಂಟಿಕ್ಕಿ, "ಯಾವ ಆಟ? ರಮ್ಮಿನೋ, ಅಂದರ್ ಬಾಹರೋ?" ಎಂದರು.

"ನಂಗೇನ್ ಗೊತ್ತು ಸಾವ್ಕಾರ್ರೆ? ರೌಂಡಾಗಿ ಕುಂತ್ಕಂತಾರಂತೆ."

"ಎಷ್ಟು ಕೈ?"

"ಹತ್ ಹನ್ನೆರಡು ಹುಡುಗ್ರು."

"ಅಷ್ಟೊಂದು ಜನಕ್ಕೆ ಒಂದು ಕಟ್ಟು ಸಾಲಲ್ಲ, ಎರಡು ಬೇಕು" ಎಂದವರು, ಪಾತಮ್ಮನ ನೋಟ ಕಂಡು, "ಯಾರೋ ಹೇಳಿದ್ದು ಕೇಳಿದೀನಿ ಅಷ್ಟೆ. ನಾನೇನ್ ಆಡೋನಲ್ಲ" ಎಂದು ಕೆಮ್ಮಿದರು. ಆಮೇಲೆ ನಿಜವಾದ ಬೇಜಾರು ಹೊರಬಂತು. "ನಮ್ಮೂರಾಗೇ, ಅದೂ ಸ್ಕೂಲ್ನಾಗೆ ಕ್ಲಬ್ ನಡೀತೈತೆ, ಅಧ್ಯಕ್ಷ ಅನ್ನೋನಿಗೆ ಒಂದು ಮಾತ್ ಹೇಳಿಲ್ಲ ನೋಡು!"

ಶನಿವಾರ ಇಬ್ಬರೂ ದಾಳಿಗೆ ಹೊರಟರು, ಟಗರನ್ನೂ ಸೇರಿಸಿದರೆ ಮೂವರು. ಶಾಲೆಯ ಹಿಂದಿನ ಕಿಟಕಿಯ ಕೆಳಗೆ ಬಗ್ಗಿ ನಿಂತರು. ಏಕಾಂತಪ್ಪನವರ ಹೊಟ್ಟೆಗೆ ಬಗ್ಗಿ ಅಭ್ಯಾಸವಿರಲಿಲ್ಲ, ಅವರು ಗೋಡೆ ಹಿಡಿದುಕೊಂಡರು.

ಒಳಗೆ ಮಕ್ಕಳು ಸುತ್ತ ಕೂತಿದ್ದರು. ಲಕ್ಷ್ಮೀದೇವಿ ಟೀಚರ್ ಕೆಂಪು ಬೆನ್ನಿನ ಚೀಟಿಗಳನ್ನು ಪಟಪಟ ಕಲಸಿ ಹಂಚಿದರು.

"ಕೈ ಚೆನ್ನಾಗೈತೆ ಟೀಚರಮ್ಮಂದು" ಎಂದು ಏಕಾಂತಪ್ಪನವರು ಮೆಚ್ಚುಗೆಯಿಂದ ಪಿಸುಗುಟ್ಟಿದರು. ಪಾತಮ್ಮ ಮೊಣಕೈಯಿಂದ ತಿವಿದಳು.

ಆದರೆ ಯಾರೂ ಎಲೆ ಬಿಸಾಡಲಿಲ್ಲ. ಬದಲಿಗೆ ಚಿರಂಜೀವಿ ಎಂಬ ಕಿಡಿಗೇಡಿ ಒಂದು ಪುಸ್ತಕ ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದ. ಕತೆಯಲ್ಲಿ ಒಬ್ಬ ಕುರಿಗಾಹಿಗೆ ಒಂದು ಅರ್ಜಿ ಬಂದಿತ್ತು.

"'ಮಾನ್ಯರೇ, ನನಗೆ ವಯಸ್ಸಾಗಿದೆ, ಹಲ್ಲುಗಳು ಅಲುಗಾಡುತ್ತಿವೆ. ಬೇಟೆ ಮೊದಲಿನಂತೆ ಸಿಗುತ್ತಿಲ್ಲ. ತಮ್ಮ ಕುರಿಗಳನ್ನು ಕಾಯುವ ಕೆಲಸ ಕೊಟ್ಟರೆ ತಾವು ಹೇಳಿದ ಹಾಗೆ ಕೇಳಿಕೊಂಡು ಬಿದ್ದಿರುತ್ತೇನೆ. ಇಂತಿ ನಿಮ್ಮ ವಿಧೇಯ, ತೋಳ.'"

ಕಿಟಕಿಯ ಕೆಳಗೆ ಪಾತಮ್ಮನ ಕೂದಲು ನಿಮಿರಿತು. ಕ್ಲಬ್ಬಿನ ಒಳಗೆ ತೋಳ!

"ವಿಧೇಯ ಅಂದ್ರೆ ಏನು?" ಟೀಚರ್ ಕೇಳಿದರು. "ನಿಘಂಟು ಆಮೇಲೆ. ಮೊದಲು ಅಕ್ಕಪಕ್ಕದ ಸಾಲು ನೋಡಿ ಊಹೆ ಮಾಡಿ. ಪದದ ಚೀಟಿ ಯಾರಿಗೆ ಬಂತು?"

"ಜ್ವರ ಬಂದೋನು ಅಂತ ಟೀಚರ್!" ಚೀಟಿ ಬರದಿದ್ದರೂ ಚಿರಂಜೀವಿ ಕೂಗಿದ. "ರಜಾ ಅರ್ಜಿ ಕೊನೇಗೆ ಬರೀತೀವಲ್ಲ, ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿ ಅಂತ. ಜ್ವರ ಬಂದಾಗ್ಲೇ ತಾನೆ ಅದನ್ನ ಬರಿಯಾದು?"

ಹೊರಗೆ ಏಕಾಂತಪ್ಪನವರು ಹೌದೆಂದು ತಲೆಯಾಡಿಸಿದರು. ಅವರೂ ಇಷ್ಟು ವರ್ಷ ಹಾಗೆಯೇ ತಿಳಿದಿದ್ದರು.

ಪದದ ಚೀಟಿ ಶಿಲ್ಪಳ ಕೈಯಲ್ಲಿತ್ತು. ಅವಳು ಅಭ್ಯಾಸದಂತೆ ಕತ್ತೆತ್ತಿ ಟೀಚರ ಮುಖ ನೋಡಿದಳು. ಟೀಚರ್ ಸರಕ್ಕನೆ ಗೋಡೆಯ ಕಡೆ ತಿರುಗಿಬಿಟ್ಟರು.

"ನನ್ನ ಮುಖದ ಮೇಲೆ ಏನೂ ಬರೆದಿಲ್ಲ ಶಿಲ್ಪ. ಪುಸ್ತಕ ನೋಡು."

ಶಿಲ್ಪ ಪುಸ್ತಕದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿದಳು. "ಅದರ ಹಿಂದಿನ ಸಾಲ್ನಾಗೆ 'ಹೇ-ಳಿ-ದ ಹಾಗೆ ಕೇಳಿಕೊಂಡು' ಅಂತ ಐತೆ ಟೀಚರ್. ಅದುಕ್ಕೇ ವಿಧೇಯ ಅಂದ್ರೆ ಹೇಳಿದ್ ಮಾತ್ ಕೇಳೋನು."

"ಸರಿ!" ಎಂದು ಟೀಚರ್ ಮತ್ತೆ ಇತ್ತ ತಿರುಗಿದರು. ಪಾತಮ್ಮನಿಗೆ ಅದೆಲ್ಲ ತಲೆಗೆ ಹೋಗಲಿಲ್ಲ. ಅವಳ ಜೀವವೆಲ್ಲ ಆ ಕುರಿಗಾಹಿಯ ರೊಪ್ಪದಲ್ಲಿತ್ತು.

ಚಿರಂಜೀವಿ ಮುಂದೆ ಓದಿದ. ಕುರಿಗಾಹಿ ಅರ್ಜಿಗೆ ಒಪ್ಪಿಗೆ ಕೊಟ್ಟ. ತೋಳಕ್ಕೆ ಒಂದು ಕಂಬಳಿ ಹೊದಿಸಿದ, ಕೈಗೊಂದು ಕೋಲು ಕೊಟ್ಟ, ರೊಪ್ಪದ ಬಾಗಿಲಲ್ಲಿ ಅದನ್ನು ಕೂರಿಸಿ ತಾನು ಗೊರಕೆ ಹೊಡೆಯತೊಡಗಿದ.

"ಏಯ್ ಮುಟ್ಠಾಳ! ಏಳೋ ಮ್ಯಾಕೆ! ತೋಳನ್ನ ಕಾವಲಿಗೆ ಇಟ್ಟು ಮಲಗ್ತೀಯೇನೋ, ನಿನ್ ಬಾಯಿಗೆ ಮಣ್ ಹಾಕ!"

ಮಕ್ಕಳೆಲ್ಲ ಬೆಚ್ಚಿ ಕಿಟಕಿಯತ್ತ ತಿರುಗಿದರು. ಸರಳುಗಳ ನಡುವೆ ಪಾತಮ್ಮನ ಮುಖ, ಅದರ ಪಕ್ಕ ಟಗರಿನ ಮುಖ, ಎರಡರ ನಡುವೆ ಏಕಾಂತಪ್ಪನವರ ವಿಭೂತಿ ಹಣೆ.

"ನಮ್ಮಜ್ಜಿ" ಎಂದು ಶಿಲ್ಪ ಸಣ್ಣ ದನಿಯಲ್ಲಿ ಹೇಳಿದಳು.

ಟೀಚರ್ ಮೂವರನ್ನೂ ಒಳಗೆ ಕರೆದರು. ಪಾತಮ್ಮ ಆರೋಪ ಹೊರಿಸಿದಳು, ಏಕಾಂತಪ್ಪನವರು ಚೀಟಿಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ರಾಜ ರಾಣಿ ಒಂದೂ ಇಲ್ವಲ್ಲ" ಎಂದು ನಿರಾಸೆಯಿಂದ ಕೆಳಗಿಟ್ಟರು. ಟೀಚರ್ ಸೆರಗು ಬಾಯಿಗೆ ಹಿಡಿದು ನಕ್ಕು, ಇದು ಪುಸ್ತಕ ಓದುವ ಕ್ಲಬ್ಬು ಎಂದು ಬಿಡಿಸಿ ಹೇಳಿದರು. ಪಾತಮ್ಮನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೆ ಅದಕ್ಕಿಂತ ಮುಖ್ಯವಾದ ವಿಷಯ ಇತ್ತು.

"ಅದಿರ್ಲಿ ಟೀಚರಮ್ಮ. ಆ ಕುರಿ ಏನಾದ್ವು?"

"ಕೊನೇ ಪಾಠ ಬಾಕಿ ಇದೆ. ನಾನೂ ಓದಿಲ್ಲ, ಮಕ್ಕಳ ಜೊತೆ ಊಹೆ ಮಾಡೋಣ ಅಂತ ಹಾಗೇ ಬಿಟ್ಟಿದೀನಿ. ಬನ್ನಿ, ನೀವೂ ಹೇಳಿ" ಎಂದು ಟೀಚರ್ 'ಮುಂದೇನು' ಚೀಟಿಯನ್ನು ಪಾತಮ್ಮನ ಕೈಗೇ ಕೊಟ್ಟರು.

"ಮುಂದೇನು ಅಂತ ಬ್ಯಾರೆ ಕೇಳ್ಬೇಕಾ? ತಿಂತೈತೆ! ಒಂದಾದ್ರೂ ಕುರಿ ತಿಂದೇ ತಿಂತೈತೆ!"

"ಯಾಕೆ? ಕತೆಯ ಒಳಗಿಂದ ಕಾರಣ ಕೊಡಬೇಕು."

"ತೋಳ ಅಲ್ಲೇನ್ರಿ ಅದು!"

"ತಿನ್ನಲ್ಲ" ಎಂದರು ಏಕಾಂತಪ್ಪನವರು. ಅವರಿಗೆ ಯಾರೂ ಚೀಟಿ ಕೊಟ್ಟಿರಲಿಲ್ಲ. "ಹಲ್ಲು ಅಲುಗಾಡ್ತಾವೆ ಅಂತ ಅದೇ ಬರ್ಕೊಂಡೈತೆ. ಮ್ಯಾಲೆ ವಿಧೇಯ ಬ್ಯಾರೆ."

"ಜ್ವರ ಬಂದೋರು ಊಟ ಮಾಡಲ್ಲ" ಎಂದು ಚಿರಂಜೀವಿ ಸೇರಿಸಿದ.

"ನೀವು ಶೇಂಗಾ ಮಾರೋರು, ತೋಳದ ಬುದ್ಧಿ ನಿಮಗೇನ್ ಗೊತ್ತು?"

"ಗೊತ್ತಿಲ್ಲ ಅಂದ್ರೆ ಕಟ್ಟು ಪಂಥ!"

"ಕಟ್ಟಿದೆ! ಇಕಾ, ನನ್ನ ಟಗರೇ ಪಂಥಕ್ಕೆ!"

"ನಾನು ಸೋತ್ರೆ ಮಕ್ಕಳ ಪುಸ್ತಕಕ್ಕೆ ಒಂದು ಬೀರು ಕೊಡಿಸ್ತೀನಿ, ಗಾಜಿನ ಬಾಗಿಲದ್ದು!"

"ಇದು ಶಾಲೆ ಕಣ್ರಿ!" ಟೀಚರ್ ಹಣೆ ಚಚ್ಚಿಕೊಂಡರು. "ಜೂಜು ನಿಲ್ಲಿಸೋಕೆ ಅಂತ ಬಂದೋರು ನೀವು!"

ಆದರೆ ಮಾತು ಬಾಯಿಂದ ಬಿದ್ದಾಗಿತ್ತು, ಮಕ್ಕಳೆಲ್ಲ ಚಪ್ಪಾಳೆ ಹೊಡೆದಾಗಿತ್ತು. ಅಷ್ಟರಲ್ಲಿ ಚಳ್ಳಕೆರೆ ಬಸ್ಸಿನ ಹಾರನ್ನು ಕೇಳಿಸಿತು. ಟೀಚರ್ ಪುಸ್ತಕವನ್ನು ಅಲಮಾರಿಗೆ ಸೇರಿಸಿ ಬೀಗ ಹಾಕಿ, ಮುಂದಿನ ವಾರದ ಚೀಟಿಗಳನ್ನು ಗಡಿಬಿಡಿಯಲ್ಲಿ ಹಂಚಿ ಓಡಿದರು. 'ಓದು' ಬಿದ್ದದ್ದು ಶಿಲ್ಪಳಿಗೆ. ಮಕ್ಕಳೆಲ್ಲ ಒಟ್ಟಿಗೆ "ಅಯ್ಯೋ" ಎಂದರು. ಕ್ಲಬ್ಬಿನಲ್ಲಿ ಎಲ್ಲರಿಗಿಂತ ನಿಧಾನ ಅವಳೇ.

ಪಾತಮ್ಮ ಮಾತ್ರ "ಅಯ್ಯೋ" ಎನ್ನಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅವಳ ತಲೆ ಬೇರೆಯೇ ಲೆಕ್ಕ ಹಾಕುತ್ತಿತ್ತು. ಕೊನೇ ಪಾಠ ಯಾರೂ ಓದಿಲ್ಲ. ಓದುವವಳು ತನ್ನ ಮೊಮ್ಮಗಳು. ಎಲ್ಲರ ಮುಖ ನೋಡಿ ಓದುವ ಮೊಮ್ಮಗಳು.

"ಶಿಲ್ಪ, ನಿಂಗೆ ನಮ್ ಸಾವ್ಕಾರ ಬೇಕೋ ಬ್ಯಾಡವೋ?"

"ಬೇಕು ಅಜ್ಜಿ!" ಹುಡುಗಿ ಟಗರಿನ ಕತ್ತು ತಬ್ಬಿಕೊಂಡಳು. ಮರಿಯಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಅದನ್ನು ಬೆಳೆಸಿದವಳು ಅವಳೇ.

"ಹಂಗಾರೆ ಓದೋವಾಗ ಆಗಾಗ ನನ್ನ ಮುಖ ನೋಡು. ನಾನು ಹಿಂಗೆ ಹುಬ್ಬು ಎತ್ತಿದ್ರೆ, ತೋಳ ಕುರಿ ತಿಂತು ಅಂತ ಓದ್ಬಿಡು."

"ಆಮ್ಯಾಲೆ ಯಾರಾದ್ರೂ ಪುಸ್ತಕ ತಗಂಡ್ ನೋಡಿದ್ರೆ?"

"ನೋಡೋಕ್ ಮುಂಚೆ ಆ ಹಾಳೇನ ಟಗರಿನ ಬಾಯಿಗೆ ಹಿಡಿ. ಸಾಕ್ಷಿ ಅದೇ ತಿಂತೈತೆ."

ಇಂಥ ಯೋಜನೆ ಚಳ್ಳಕೆರೆಯ ಕ್ಲಬ್ಬಿನಲ್ಲೂ ಯಾರ ತಲೆಗೂ ಹೊಳೆದಿರಲಿಕ್ಕಿಲ್ಲ. ಪಾತಮ್ಮನಿಗೆ ತನ್ನ ಬಗ್ಗೆ ತನಗೇ ಹೆಮ್ಮೆಯಾಯಿತು.

ಆ ವಾರವೆಲ್ಲ ಶಿಲ್ಪ ವಿಚಿತ್ರವಾಗಿ ಆಡಿದಳು. ಕಂಡ ಕಂಡ ಅಕ್ಷರದ ಮೇಲೆ ಬೆರಳಿಡುತ್ತಿದ್ದಳು. ಗೊಬ್ಬರದ ಚೀಲ ಹೊದ್ದುಕೊಂಡು ಹೋಗುತ್ತಿದ್ದವರನ್ನು ನಿಲ್ಲಿಸಿ ಅವರ ಬೆನ್ನು ಓದಿದಳು. ಬಿಸಿಯೂಟದ ಬಿಡುವಿನಲ್ಲಿ ಟೀಚರ ಕಣ್ಣೆದುರೇ ಪುಸ್ತಕ ಈಸಿಕೊಂಡು, ಅವಳೂ ಚಿರಂಜೀವಿಯೂ ಕತೆಯ ಹಿಂದಿನ ಪಾಠಗಳನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರಂತೆ. ಅವಳು ತಡವರಿಸಿದರೆ ಅವನು ಕಾಯುತ್ತಿದ್ದ, ಅವನು ಅವಸರದಲ್ಲಿ ಸಾಲು ನುಂಗಿದರೆ ಅವಳು ಹಿಡಿಯುತ್ತಿದ್ದಳು. ಪಾತಮ್ಮ ಹುಬ್ಬು ಎತ್ತುವ ಅಭ್ಯಾಸ ಮಾಡಿದಳು. ಮನೆ ಮುಂದೆ ಹಾದು ಹೋದವರು ಪಾತಮ್ಮನಿಗೆ ಮುಖದ ವಾತ ಬಂದಿದೆ ಎಂದು ಸುದ್ದಿ ಹಬ್ಬಿಸಿದರು.

ಶನಿವಾರ ಬಂತು. ಪಂಥದ ಸುದ್ದಿ ಹಟ್ಟಿಯಲ್ಲೆಲ್ಲ ಹರಡಿ, ಕಿಟಕಿಗಳಲ್ಲಿ ಜನ ತುಂಬಿಕೊಂಡಿದ್ದರು. ಏಕಾಂತಪ್ಪನವರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಟಗರು ಬಾಗಿಲಲ್ಲಿ ಕಟ್ಟಿಸಿಕೊಂಡು ಒಳಗಿನ ಕಾಗದದ ವಾಸನೆ ಹೀರುತ್ತಿತ್ತು. ಪಾತಮ್ಮ ಶಿಲ್ಪಳಿಗೆ ಎದುರಾಗಿ, ಮುಖ ಸರಿಯಾಗಿ ಕಾಣುವಂತೆ ಕೂತಳು.

ಶಿಲ್ಪ ಪುಸ್ತಕ ಬಿಡಿಸಿದಳು. ಸಾಲಿನ ಕೆಳಗೆ ಬೆರಳಿಟ್ಟಳು.

"'ಎಲ್ಲರೂ ಮಲ-ಗಿ-ದರು. ತೋಳಕ್ಕೆ ಮಾತ್ರ ನಿ... ನಿದ್ದೆ ಬರಲಿಲ್ಲ. ಅದಕ್ಕೆ ಹಸಿವಾಗಿತ್ತು.'"

ಪಾತಮ್ಮ ಗೆದ್ದವಳಂತೆ ಸುತ್ತ ನೋಡಿದಳು. ಮೊದಲ ಸಾಲುಗಳು ಎಡವಿ ಎಡವಿ ಬಂದವು. ಯಾರೋ ಕಿಟಕಿಯಲ್ಲಿ ನಕ್ಕರು. ಚಿರಂಜೀವಿ ಅವರನ್ನು "ಶ್" ಎಂದು ಸುಮ್ಮನಾಗಿಸಿದ. ಒಂದು ಪುಟ ಕಳೆಯುವಷ್ಟರಲ್ಲಿ ಶಿಲ್ಪಳ ದನಿಗೆ ದಾರಿ ಸಿಕ್ಕಿತು. ಪದಗಳು ಒಂದರ ಕೈ ಒಂದು ಹಿಡಿದು ಹೊರಬರತೊಡಗಿದವು. ಕತೆಯಲ್ಲಿ ಒಂದು ಎಳೆಮರಿ ನಿದ್ದೆಗಣ್ಣಲ್ಲಿ ಎದ್ದು, ರೊಪ್ಪದ ಬೇಲಿ ನುಸುಳಿ, ಸೀದಾ ತೋಳದ ಮುಂದೆ ಬಂದು ನಿಂತು 'ಬ್ಯಾ' ಎಂದಿತು.

"'ತೋಳ ಮರಿಯನ್ನು ನೋಡಿತು. ಅದರ ಬಾಯಲ್ಲಿ ನೀರೂರಿತು. ಅದು ನಿಧಾನವಾಗಿ ಬಾಯಿ ತೆರೆಯಿತು.'"

ಪುಟ ಮುಗಿದಿತ್ತು. ಶಿಲ್ಪ ಹಾಳೆ ತಿರುಗಿಸಲು ಬೆರಳಿಗೆ ಎಂಜಲು ಹಚ್ಚಿದಳು.

ಪಾತಮ್ಮ ಹುಬ್ಬು ಎತ್ತಿದಳು. ಕಾಣಲಿಲ್ಲವೇನೋ ಎಂದು ಇನ್ನೂ ಮೇಲೆ ಎತ್ತಿದಳು. ಕೆಮ್ಮಿದಳು. ಎರಡೂ ಕಣ್ಣು ಅರಳಿಸಿ, ತಲೆ ಆಡಿಸಿ, ಬಾಯಿಯನ್ನು ಕಚಕ್ಕನೆ ಮುಚ್ಚಿ ತೋರಿಸಿದಳು. ಪಕ್ಕದಲ್ಲಿದ್ದ ಆರನೇ ಕ್ಲಾಸಿನ ಹುಡುಗಿ ಹೆದರಿ ದೂರ ಸರಿದಳು. ಶಿಲ್ಪ ಮಾತ್ರ ಕತ್ತೆತ್ತಲಿಲ್ಲ. ಅವಳ ಬೆರಳು, ಕಣ್ಣು, ಮೂಗು ಎಲ್ಲ ಪುಸ್ತಕದಲ್ಲಿ ಹೂತುಹೋಗಿತ್ತು. ಮುಂದೇನು ಎಂದು ಅವಳಿಗೇ ತಿಳಿಯಬೇಕಾಗಿತ್ತು.

"'ಬಾಯಿ ತೆರೆದು, ಮರಿಯ ಕತ್ತಿನ ತೊಗಲನ್ನು ಅಲುಗಾಡುವ ಹಲ್ಲುಗಳಲ್ಲಿ ಮೆತ್ತಗೆ ಹಿಡಿದು, ಅದನ್ನು ಅದರ ತಾಯಿಯ ಪಕ್ಕದಲ್ಲಿ ಮಲಗಿಸಿ ಬಂದಿತು. ಬೆಳಗಾಯಿತು. ಕುರಿಗಾಹಿ ಎದ್ದು ಎಣಿಸಿದ. ಒಂದು ಕುರಿಯೂ ಕಡಿಮೆಯಿರಲಿಲ್ಲ. ಆದರೆ ಅವನ ರೊಟ್ಟಿಯ ಗಂಟು ಖಾಲಿಯಾಗಿತ್ತು. ಅದರಲ್ಲಿ ಒಂದು ಚೀಟಿ ಇತ್ತು. ಮಾನ್ಯರೇ, ರೊಟ್ಟಿ ಗಟ್ಟಿಯಾಗಿತ್ತು, ನಾಳೆಯಿಂದ ನೆನೆಸಿಡಿ. ಇಂತಿ ನಿಮ್ಮ ವಿಧೇಯ, ತೋಳ.'"

ಶಾಲೆಯ ಹೆಂಚು ಹಾರುವಂತೆ ಎಲ್ಲರೂ ನಕ್ಕರು. ಏಕಾಂತಪ್ಪನವರು ಎರಡೂ ಕೈ ಎತ್ತಿ ಕುಣಿದೇ ಬಿಟ್ಟರು. ಆಗ ಶಿಲ್ಪಳಿಗೆ ಎಚ್ಚರವಾಯಿತು. ಪುಸ್ತಕ ಮುಚ್ಚಿ ಅಜ್ಜಿಯ ಮುಖ ನೋಡಿದಳು, ಬಾಗಿಲಲ್ಲಿದ್ದ ಟಗರನ್ನು ನೋಡಿದಳು, ಕಣ್ಣು ತುಂಬಿಕೊಂಡಳು.

"ಮುಂಡೇದೇ, ಒಂದೇ ಒಂದು ಸುಳ್ಳು ಓದಾಕೆ ಆಗ್ಲಿಲ್ವೇನೇ?" ಪಾತಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಹುಬ್ಬು ಎತ್ತೆತ್ತಿ ನನ್ ಹಣೆ ಸೆಳೀತೈತೆ!"

"ನಾನ್ ನೋಡ್ಲೇ ಇಲ್ಲ ಅಜ್ಜಿ" ಶಿಲ್ಪ ಬಿಕ್ಕಿದಳು. "ಅಂಗೇ ಬರ್ದೈತೆ. ಅಂಗ್ ಬರ್ದಿರೋದನ್ನ ನಾನೇನ್ ಮಾಡ್ಲಿ?"

ಪಾತಮ್ಮ ಇನ್ನೇನೋ ಬೈಯಲು ಬಾಯಿ ತೆರೆದಳು, ಹಾಗೇ ನಿಂತಳು. ಹುಡುಗಿ ಮುಖ ನೋಡಿರಲಿಲ್ಲ. ತಾನು ಅಷ್ಟೆಲ್ಲ ಕುಣಿದರೂ ನೋಡಿರಲಿಲ್ಲ. ಮುಖ ನೋಡಿ ಓದಿದ್ದರೆ ತೋಳ ಮಂದೆಯನ್ನೇ ತಿಂದಿರುತ್ತಿತ್ತು, ಟಗರು ಮನೆಯಲ್ಲೇ ಉಳಿಯುತ್ತಿತ್ತು. ಟಗರು ಹೋಯಿತೆಂದರೆ ಹುಡುಗಿ ಓದಿದ್ದು ನಿಜ. ಇನ್ನು ಔಷಧಿಯ ಬಾಟಲಿ ಹಿಡಿದು ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ. ಪಾತಮ್ಮ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದಳು. ಸಂತೋಷ ತಡೆಯಲಾಗದೆ ಮೊಮ್ಮಗಳ ಕೆನ್ನೆ ಹಿಂಡಿ, ತಲೆಗೆ ದೃಷ್ಟಿ ತೆಗೆದು ನೆಟಿಕೆ ಮುರಿದಳು.

ಅಜ್ಜಿಯ ಕಣ್ಣೀರು ಕಂಡು ಏಕಾಂತಪ್ಪನವರ ಕುಣಿತ ನಿಂತಿತು. "ಟಗರು ಬ್ಯಾಡ ಬಿಡಮ್ಮ. ನಮ್ಮನೇಲಿ ಅದನ್ನ ತಿನ್ನಾದೂ ಇಲ್ಲ."

"ತಗಂಡ್ ಹೋಗ್ರಿ ಅಂದ್ರೆ ತಗಂಡ್ ಹೋಗ್ರಿ!" ಪಾತಮ್ಮ ಗುಡುಗಿದಳು. "ನಮ್ಮನೆ ಹುಡುಗಿ ಓದಿ ಸೋಲ್ಸಿದಾಳೆ. ಅವಳು ಓದಿದ್ದು ಸುಳ್ಳಾ ಹಂಗಾರೆ?"

ಏಕಾಂತಪ್ಪನವರು ಟಗರಿನ ಹಗ್ಗ ಬಿಚ್ಚಿ ಹಿಡಿದುಕೊಂಡರು. ಶಿಲ್ಪ ಅಳುತ್ತಾ ಟಗರಿನ ಹಣೆಗೆ ಮುತ್ತು ಕೊಟ್ಟಳು. ಇಬ್ಬರು ಸಾವ್ಕಾರರೂ ಎದೆ ಮುಂದೆ ಮಾಡಿಕೊಂಡು ಬೀದಿಯ ನಡುವೆ ನಡೆದು ಹೋದರು. ಯಾರು ಯಾರನ್ನು ಎಳೆದುಕೊಂಡು ಹೋಗುತ್ತಿದ್ದಾರೆ ಎಂದು ಹೇಳುವುದು ಕಷ್ಟವಾಗಿತ್ತು.

ವಾರ ತುಂಬುವುದರೊಳಗೆ ಏಕಾಂತಪ್ಪನವರು ಟಗರನ್ನು ಹಿಡಿದುಕೊಂಡು ಪಾತಮ್ಮನ ಬಾಗಿಲಿಗೆ ಬಂದರು. ಮುಖ ಬಾಡಿತ್ತು, ನಡೆ ಸ್ವಲ್ಪ ಕುಂಟಾಗಿತ್ತು.

"ತಗಳಮ್ಮ ನಿನ್ ಟಗರು. ಗೋಡೆ ಕ್ಯಾಲೆಂಡರಿನಾಗೆ ಯುಗಾದಿಯಿಂದ ದೀಪಾವಳಿ ಗಂಟ ತಿಂದ್ಬಿಡ್ತು. ನಮ್ ಮನೆಯೋರು ಅದನ್ನ ಬೈಯೋಕೆ 'ಲೇ ಸಾವ್ಕಾರ' ಅಂತಾರೆ, ನಾನು ಎದ್ದು ನಿಂತ್ಕಂತೀನಿ. ಬಗ್ಗಿದ್ರೆ ಹಿಂದಿನಿಂದ ಬ್ಯಾರೆ ಗುದ್ದುತೈತೆ."

"ಸೋತಿದ್ದು ವಾಪಸ್ ತಗಳಲ್ಲ ನಾನು."

"ಬೀರೂನೂ ಕೊಡಿಸ್ತೀನಮ್ಮ! ತಗ!"

ಹೀಗೆ ಗೆದ್ದವರೇ ದಂಡ ಕೊಟ್ಟು ಪಂಥ ಮುಗಿಯಿತು. ಶಿಲ್ಪ ಹಾರಿ ಬಂದು ಟಗರನ್ನು ತಬ್ಬಿಕೊಂಡಳು.

ಮುಂದಿನ ಶನಿವಾರ ಹಟ್ಟಿಯವರೆಲ್ಲ ಒಂದು ಕೂಗು ಕೇಳಿದರು. "ಶಿಲ್ಪಾ! ಕ್ಲಬ್ಬಿಗೆ ಹೊತ್ತಾತು, ಜಲ್ದಿ ಬಾರೇ!" ಕೂಗಿದವಳು ಪಾತಮ್ಮ. ಅವಳು ಆಗಲೇ ತಲೆ ಬಾಚಿ, ಟಗರಿನ ಜೊತೆ ರಸ್ತೆಯಲ್ಲಿದ್ದಳು.

ಶಾಲೆಯಲ್ಲಿ ಹೊಸ ಬೀರು ಗಾಜಿನ ಬಾಗಿಲು ಹೊಳೆಯಿಸುತ್ತಾ ನಿಂತಿತ್ತು. ಬಾಗಿಲ ಮೇಲೆ ಏಕಾಂತಪ್ಪನವರು ಪೇಂಟರ ಕೈಯಲ್ಲಿ ದಪ್ಪ ಕೆಂಪು ಅಕ್ಷರದಲ್ಲಿ ಏನೋ ಬರೆಸಿದ್ದರು. ಅವರು ಪಕ್ಕದಲ್ಲೇ ಕೈಕಟ್ಟಿ ನಿಂತು, ಜನ ಓದಲಿ ಎಂದು ಕಾಯುತ್ತಿದ್ದರು.

"ಏನ್ ಬರ್ದೈತೆ ಓದೇ" ಎಂದಳು ಪಾತಮ್ಮ.

ಶಿಲ್ಪ ಗಾಜಿನ ಮೇಲೆ ಬೆರಳಿಟ್ಟಳು. "ಬುಕ್ ಕ್ಲಬ್. ಸಾವ್ಕಾರರ ಕೊಡುಗೆ."

ಪಾತಮ್ಮ ಅಕ್ಷರಗಳನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಮುಖದಲ್ಲಿ ಆಸೆ ಎದ್ದು ಕಾಣುತ್ತಿತ್ತು. "ಎಲ್ಲಾದ್ರೂ ಮೂಲೇನಾಗೆ... ಪಾತಮ್ಮ ಅಂತ ಐತಾ?"

ಶಿಲ್ಪ ಅಜ್ಜಿಯ ಮುಖದ ಕಡೆ ತಿರುಗಲಿಲ್ಲ. ಬೀರಿನ ನಾಲ್ಕೂ ಮೂಲೆಗೆ ಬೆರಳು ಓಡಿಸಿ, ಬಗ್ಗಿ ಕೆಳಗಿನ ಪಟ್ಟಿಯನ್ನೂ ನೋಡಿದಳು.

"ಇಲ್ಲ ಅಜ್ಜಿ. ಎಲ್ಲೂ ಇಲ್ಲ."

ಪಾತಮ್ಮನಿಗೆ ಆ 'ಇಲ್ಲ' ಎಷ್ಟು ಹಿತವಾಯಿತೆಂದರೆ ಇನ್ನೊಮ್ಮೆ ಕೇಳಿಸಿಕೊಳ್ಳೋಣವೆನ್ನಿಸಿತು. ಅವಳು ಬಾಗಿಲಲ್ಲಿ ನಿಂತಿದ್ದ ಟಗರಿನ ಬೆನ್ನು ಚಪ್ಪರಿಸಿದಳು.

"ಹೋಗ್ಲಿ ಬಿಡು. ನಿನ್ ಹೆಸರು ಹಾಕ್ಸಿದಾರಲ್ಲ, ಅಷ್ಟು ಸಾಕು."